ಹೊಳೆಯ ಘಟ್ಟವು ಸರ್ವರ ಸೊತ್ತು

ಆಳಂದ ಸೀಮೆಯ ಅಮರ್ಜಾ ಹೊಳೆಯು ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆಯು ಜೇವರ್ಗಿಯ ನೆಲವನ್ನು ಹಾಯ್ದು ಮುಂದೆ ಕೃಷ್ಣೆಯಲ್ಲಿ ಲೀನವಾಗುತ್ತಾಳೆ. ಸೇತುವೆಗಳಿಲ್ಲದ ಕಾಲದಲ್ಲಿ ತುಂಬಿದ ಹೊಳೆಯನ್ನು ದಾಟಲು ಹರಿಗೋಲೇ ಗತಿ. ಆದುದರಿಂದ ಹರಿಗೋಲು ನಿಲ್ಲುವ, ಬಲೆ ಒಣಗುವ, ದನಕರುಗಳು ನೀರು ಕುಡಿಯುವ ಘಟ್ಟಕ್ಕೆ ಊರ ಹೆಬ್ಬಾಗಿಲಿನಷ್ಟೇ ಮಹತ್ತ್ವವಿತ್ತು.

ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಬುಟ್ಟಿಯಂತೆ ಹೆಣೆದು ಹೊರಗೆ ಚರ್ಮ ಹೊದಿಸಿದ ದುಂಡನೆಯ ದೋಣಿಗಳನ್ನು ವರ್ಣಿಸಿದ್ದಾನೆ. ಅವು ಹದಿನೈದು ಇಪ್ಪತ್ತು ಜನರನ್ನು ಹೊತ್ತು, ಗಿರಗಿರನೆ ತಿರುಗುತ್ತ ಸಾಗುತ್ತಿದ್ದವಂತೆ. ಅದಕ್ಕೂ ಮುನ್ನ, ಹನ್ನೆರಡನೆಯ ಶತಮಾನದಲ್ಲಿಯೇ, ದೋಣಿ ನಡೆಸುವ ಕಾಯಕದ ಅಂಬಿಗರ ಚೌಡಯ್ಯನು ಶರಣರಲ್ಲಿ ಒಬ್ಬನಾಗಿ ಕನ್ನಡ ನಾಡಿನಲ್ಲಿ ಪೂಜ್ಯನಾದನು.

ಹೊಳೆಯ ದಂಡೆ ಯಾರದು? ಈ ಪ್ರಶ್ನೆ ಬಲು ಹಳೆಯದು. ಕ್ರೈಸ್ತ ಚಕ್ರವರ್ತಿ ಜಸ್ಟೀನಿಯನನು 533ರಲ್ಲಿ ಹೊರಡಿಸಿದ ಧರ್ಮಶಾಸನವು ಇದಕ್ಕೆ ಸ್ಪಷ್ಟ ಉತ್ತರವಿತ್ತಿತು. ನದಿಗಳು ಸಾರ್ವಜನಿಕವಾದವು, ಅಲ್ಲಿ ಮೀನು ಹಿಡಿಯುವ ಹಕ್ಕು ಎಲ್ಲರದು. ದಂಡೆಯ ನೆಲವು ಪಕ್ಕದ ಹೊಲದ ಒಡೆಯನದೇ ಆದರೂ, ಅಲ್ಲಿ ದೋಣಿ ನಿಲ್ಲಿಸುವುದಕ್ಕೂ ಮರಕ್ಕೆ ಹಗ್ಗ ಕಟ್ಟುವುದಕ್ಕೂ ಹೊರೆ ಇಳಿಸುವುದಕ್ಕೂ ಯಾರಿಗೂ ಅಡ್ಡಿಯಿಲ್ಲ.

ನಮ್ಮ ದೇಶದಲ್ಲಿಯೂ ಇದೇ ತತ್ತ್ವವು ಊರ್ಜಿತವಾಗಿದೆ. ನದಿಗಳನ್ನು ಸರ್ಕಾರವು ಪ್ರಜೆಗಳ ಪರವಾಗಿ ನಂಬಿಕೆಯ ನಿಕ್ಷೇಪದಂತೆ ಕಾಪಾಡತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ, ಬಿಯಾಸ್ ನದಿಯ ದಂಡೆಯನ್ನು ಕುರಿತ ಮೊಕದ್ದಮೆಯಲ್ಲಿ, ತೀರ್ಪಿತ್ತಿತು. ಹಕ್ಕಿನೊಡನೆ ಹೊಣೆಯೂ ಉಂಟು. ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನು ಕೊಲ್ಲುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ದಂಡಾರ್ಹವೆಂದು ಸಾರಿತ್ತು.

ಸೇತುವೆಗಳು ಬಂದ ಮೇಲೆ ಘಟ್ಟದ ಹಾದಿಯು ನಿಷ್ಪ್ರಯೋಜಕವೆಂದು ಕೆಲವರು ಭಾವಿಸಬಹುದು. ಆದರೆ 2020ರ ಅಕ್ಟೋಬರದಲ್ಲಿ ಭೀಮೆಯು ಉಕ್ಕಿ ಹರಿದು ಹಳ್ಳಿಗಳನ್ನು ಸುತ್ತುವರಿದಾಗ, ಜನರನ್ನು ದಡ ಸೇರಿಸಿದ್ದು ದೋಣಿಗಳೇ. ಘಟ್ಟದ ಹಾದಿಗೆ ಮುಳ್ಳುಬೇಲಿ ಬಿದ್ದರೆ ಮೊದಲು ಅನ್ನ ಕಳೆದುಕೊಳ್ಳುವವನು ಬಲೆಯನ್ನೇ ನಂಬಿದ ಬಡವನು. ಹೊಲವಿದ್ದವನಿಗೆ ಬೇರೆ ದಾರಿಯುಂಟು, ಅವನಿಗಿಲ್ಲ.

ಗೆನೆಸರೇತ್ ಸರೋವರದ ದಡದಲ್ಲಿ ಬೆಸ್ತರು ಬಲೆ ತೊಳೆಯುತ್ತಿದ್ದಾಗ ಪ್ರಭು ಯೇಸು ಸಿಮೋನನ ದೋಣಿಯನ್ನೇರಿ ಜನರಿಗೆ ಬೋಧಿಸಿದರೆಂದು ಸಂತ ಲೂಕನ ಶುಭಸಂದೇಶವು ತಿಳಿಸುತ್ತದೆ. ಆ ದಡವು ಎಲ್ಲರಿಗೂ ತೆರೆದಿದ್ದುದರಿಂದಲೇ ಬಡಬಗ್ಗರು ಅಲ್ಲಿ ನೆರೆದರು. ಜಗದ್ಗುರು ಫ್ರಾನ್ಸಿಸರು 2015ರ ತಮ್ಮ 'ಲೌದಾತೊ ಸೀ' ಪರಿಪತ್ರದಲ್ಲಿ, ಶುದ್ಧ ಕುಡಿಯುವ ನೀರು ಮಾನವನ ಮೂಲಭೂತ ಹಕ್ಕೆಂದು ಸಾರಿದರು. ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ನಾವು ದೇವಾಲಯದ ಬಾಗಿಲನ್ನು ಹೇಗೆ ಸರ್ವರಿಗೂ ತೆರೆದಿಡುವೆವೋ, ಹಾಗೆಯೇ ಹೊಳೆಯ ಹಾದಿಯನ್ನೂ ತೆರೆದಿಡಲು ನೆರೆಹೊರೆಯ ಸರ್ವಧರ್ಮದ ಬಾಂಧವರೊಡನೆ ಕೈಜೋಡಿಸೋಣ.