ಕಡ್ಡಿಯಿಂದ ಕೊಡಲಿ ಕಾವಿನವರೆಗೆ

ಮರಗೆಲಸ ಕಲಿಯುವ ಮಗುವಿನಿಂದ ಮೊದಲು ಏನನ್ನು ಮಾಡಿಸಬೇಕು? ಈ ಪ್ರಶ್ನೆಗೆ ಕ್ರಮಬದ್ಧ ಉತ್ತರ ಕೊಟ್ಟವರು ಸ್ವೀಡನ್ನಿನ ಆಟೋ ಸಾಲೋಮನ್ (1849–1907). ಫಿನ್ಲೆಂಡಿನಲ್ಲಿ ಊನೋ ಸಿಗ್ನೇಯಸ್ಸರ ಪ್ರಯತ್ನದಿಂದ 1866ರಲ್ಲೇ ಕೈಕೆಲಸ ಶಾಲೆಯ ಪಾಠವಾಗಿತ್ತು. ಸಾಲೋಮನ್ನರು ನೇಸ್ ಎಂಬಲ್ಲಿ ಶಿಕ್ಷಕರ ತರಬೇತಿ ಶಾಲೆ ನಡೆಸಿ, ಈ 'ಸ್ಲಾಯ್ಡ್' ಶಿಕ್ಷಣಕ್ಕೆ ಮೆಟ್ಟಿಲುಗಳನ್ನು ಕಟ್ಟಿದರು. ಮೊದಲು ಚೂರಿಯಿಂದ ಕೆತ್ತುವ ಪುಟ್ಟ ಕಡ್ಡಿ. ಬಳಿಕ ಗರಗಸ, ಕೀಸುಳಿ, ಉಳಿಗಳ ಸರದಿ. ಪ್ರತಿ ವಸ್ತುವಿನಲ್ಲೂ ಹಳೆಯ ಕಲಿಕೆಯ ಜೊತೆಗೆ ಹೊಸದೊಂದು ಪಟ್ಟು. ಚಮಚವಾಗಲಿ, ಕೊಡಲಿಯ ಕಾವಾಗಲಿ, ಮಾಡಿದ್ದೆಲ್ಲ ಮನೆಗೆ ಉಪಯೋಗವಾಗಬೇಕು. ಬಡಗಿಗಳನ್ನು ತಯಾರಿಸುವುದು ಅವರ ಉದ್ದೇಶವಾಗಿರಲಿಲ್ಲ. ಕೈ, ಕಣ್ಣು, ಮನಸ್ಸು ಒಟ್ಟಿಗೆ ಪಳಗಬೇಕಿತ್ತು.

ಗುಂಡಿಯೊತ್ತಿ ಎಲ್ಲವನ್ನೂ ಪಡೆಯುವ ಹೊರನಾಡಿನ ನಮ್ಮ ಮಕ್ಕಳಿಗೂ ಈ ಕ್ರಮ ಒಪ್ಪುತ್ತದೆ. ಮೊದಲ ದಿನವೇ ಕುರ್ಚಿಗೆ ಕೈಹಾಕಿಸಿ ಬೇಸರ ಹುಟ್ಟಿಸುವುದು ಬೇಡ. ಕಡ್ಡಿಯಿಂದ ಆರಂಭಿಸೋಣ; ನಾಳೆ ಅವರೇ ಕೆತ್ತಿದ ಸೌಟಿನಿಂದ ನಾವು ಸಾರು ಬಡಿಸೋಣ.