ಬ್ಯಾಟರಿ ಸತ್ತರೆ ಸಾಯುವ ಆಟಗಳು

ವಿಡಿಯೋ ಗೇಮ್‌ಗಳ ಚರಿತ್ರೆ ಎಂದರೆ ಪರದೆಯ ಮೇಲೆ ಕಂಡದ್ದರ ಚರಿತ್ರೆ ಎಂದು ನಾವು ತಿಳಿದುಬಿಡುತ್ತೇವೆ. ನನ್ನ ಕುತೂಹಲವೆಲ್ಲ ಪರದೆಯ ಹಿಂದೆ, ದೊಡ್ಡ ಪೆಟ್ಟಿಗೆಯೊಳಗೆ ಧೂಳು ತಿನ್ನುತ್ತ ಕೂತಿದ್ದ ಸರ್ಕ್ಯೂಟ್ ಬೋರ್ಡಿನ ಮೇಲೆ. ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳಲ್ಲಿ ಆಟ ಇರುತ್ತಿದ್ದದ್ದು ಆ ಬೋರ್ಡಿನಲ್ಲೇ. ಜಪಾನ್, ಅಮೆರಿಕ, ಯೂರೋಪುಗಳಲ್ಲಿ ಇಂದು ಅವನ್ನು ಹುಡುಕಿ ಹುಡುಕಿ ಕೊಳ್ಳುವ ಸಂಗ್ರಾಹಕರಿದ್ದಾರೆ. ಹಳೆಯ ಬೋರ್ಡಿಗೆ ಬೆಲೆ ಎಲ್ಲಿಂದ ಬಂತು ಎಂದು ಕೇಳುತ್ತ ಹೋದರೆ, ಬೆಲೆಗೂ ಮೌಲ್ಯಕ್ಕೂ ನಡುವಿನ ಒಂದು ಹಳೆಯ ಜಗಳ ಎದುರಾಗುತ್ತದೆ.

1972ರಲ್ಲಿ ಅಟಾರಿ ಕಂಪನಿಗಾಗಿ ಅಲನ್ ಅಲ್ಕಾರ್ನ್ ಮಾಡಿದ 'ಪಾಂಗ್' ಆಟದಲ್ಲಿ ಪ್ರೊಸೆಸರ್ ಇರಲಿಲ್ಲ, ಪ್ರೋಗ್ರಾಮೂ ಇರಲಿಲ್ಲ. ಚೆಂಡು ಪುಟಿಯುವುದು, ಅಂಕ ಏರುವುದು ಎಲ್ಲವೂ ಬಿಡಿಬಿಡಿ ಚಿಪ್‌ಗಳನ್ನು ಒಂದಕ್ಕೊಂದು ಜೋಡಿಸಿದ ರೀತಿಯಿಂದಲೇ ಆಗುತ್ತಿತ್ತು. ಬೇರೆ ಕಡೆಗೆ ನಕಲಿಸಿಕೊಳ್ಳಲು ಅದರಲ್ಲಿ ಸಾಫ್ಟ್‌ವೇರೇ ಇಲ್ಲ. ಬೋರ್ಡೇ ಆಟ.

1978ರಲ್ಲಿ ತೊಮೊಹಿರೊ ನಿಶಿಕಾಡೊ ರೂಪಿಸಿದ, ತೈತೊ ಕಂಪನಿಯ 'ಸ್ಪೇಸ್ ಇನ್ವೇಡರ್ಸ್' ಹೊತ್ತಿಗೆ ಇಂಟೆಲ್ 8080 ಪ್ರೊಸೆಸರ್ ಬಂದಿತ್ತು. ಆಟ ಈಗ ಚಿಪ್ಪಿನಲ್ಲಿ ಬರೆದಿಟ್ಟ ಪ್ರೋಗ್ರಾಮ್ ಆಯಿತು. ಆದರೂ ಬೋರ್ಡಿನ ಗುಣ ಆಟದಲ್ಲಿ ಬೆರೆತೇ ಇತ್ತು. ಶತ್ರುಗಳು ಕಡಿಮೆಯಾದಂತೆ ಪ್ರೊಸೆಸರಿನ ಕೆಲಸ ಹಗುರಾಗಿ ಉಳಿದವು ಬೇಗ ಬೇಗ ಚಲಿಸುತ್ತಿದ್ದವು. ನಿಶಿಕಾಡೊ ಅದನ್ನು ತಿದ್ದದೆ ಹಾಗೆಯೇ ಬಿಟ್ಟರು. ಆಟ ಮುಗಿಯುತ್ತ ಬಂದಂತೆ ಎದೆ ಬಡಿತ ಹೆಚ್ಚಿಸುತ್ತಿದ್ದ ಆ ವೇಗ ಯಂತ್ರದ ಮಿತಿಯಿಂದಲೇ ಹುಟ್ಟಿದ್ದು.

ಆದರೆ ಈ ಬೋರ್ಡುಗಳು ಬಾಳಬೇಕೆಂದು ಯಾರೂ ಬಯಸಿರಲಿಲ್ಲ. ಅಮೆರಿಕದಲ್ಲಿ 'ರಾಡಾರ್ ಸ್ಕೋಪ್' ಎಂಬ ಆಟ ಬಿಕರಿಯಾಗದೆ ಸುಮಾರು 2,000 ಯಂತ್ರಗಳು ಉಳಿದಾಗ, ನಿಂಟೆಂಡೊ ಅವುಗಳ ಒಳಭಾಗ ಬದಲಾಯಿಸಿ 1981ರಲ್ಲಿ 'ಡಾಂಕಿ ಕಾಂಗ್' ಎಂದು ಮಾರಿತು. 1985ರಲ್ಲಿ ಜಪಾನಿನ ತಯಾರಕರ ಸಂಘ 56 ಸಂಪರ್ಕಗಳ 'ಜಾಮಾ' ಎಂಬ ಜೋಡಣೆಯನ್ನು ರೂಢಿಗೆ ತಂದಮೇಲಂತೂ ಕೆಲಸ ಇನ್ನೂ ಸುಲಭವಾಯಿತು. ಪೆಟ್ಟಿಗೆ ಅದೇ, ಬೋರ್ಡು ಮಾತ್ರ ಹೊಸದು. ಹಣ ತರದ ಆಟವನ್ನು ಕಿತ್ತು ಮೂಲೆಗೆಸೆದರೆ ಮುಗಿಯಿತು. ಬಿಡಿ ಬೋರ್ಡುಗಳ ಸಂಗ್ರಹ ಸಾಧ್ಯವಾದದ್ದೂ ಈ ಕಿತ್ತೆಸೆಯುವ ವ್ಯಾಪಾರದಿಂದಲೇ.

ಎಸೆದದ್ದರಲ್ಲಿ ಏನೇನಿತ್ತು ಎಂಬುದಕ್ಕೆ ಡಾಂಕಿ ಕಾಂಗ್ ಒಳ್ಳೆಯ ಉದಾಹರಣೆ. ಆ ಆಟ ಎಂದೊಡನೆ ಶಿಗೆರು ಮಿಯಾಮೊಟೊ ಹೆಸರು ನೆನಪಾಗುತ್ತದೆ. ಆದರೆ ಅದರ ಚಿಪ್ಪಿನ ಪ್ರೋಗ್ರಾಮಿನಲ್ಲಿ, ಪರದೆಗೆ ಎಂದೂ ಬಾರದ ಒಂದು ಸಂದೇಶ ಅಡಗಿದೆ: ಇದನ್ನು ಬಿಡಿಸಿ ಓದಿದವರಿಗೆ ಅಭಿನಂದನೆ, ಜೊತೆಗೆ ಇಕೆಗಾಮಿ ಎಂಬ ಕಂಪನಿಯ ಹೆಸರು. ಪ್ರೋಗ್ರಾಮ್ ಬರೆದದ್ದು ಆ ಕಂಪನಿ. 1983ರಲ್ಲಿ ಅದು ನಿಂಟೆಂಡೊ ಮೇಲೆ ಮೊಕದ್ದಮೆ ಹೂಡಿತು; 1990ರಲ್ಲಿ ನ್ಯಾಯಾಲಯದ ಹೊರಗೆ ರಾಜಿಯಾಯಿತು. ಓಲೆಗರಿಯ ಕೊನೆಯಲ್ಲಿ ಲಿಪಿಕಾರ ತನ್ನ ಹೆಸರು ಬರೆದಿಟ್ಟ ಹಾಗೆ ಇದು. ಚಿಪ್ಪನ್ನು ಓದಿದವರಿಗಷ್ಟೇ ಕಾಣುವ ಸಹಿ.

ಸಂಗ್ರಾಹಕರು ಬೋರ್ಡು ಕೈಗೆ ಬಂದೊಡನೆ ನೋಡುವುದು ಮೂರು ಸಂಗತಿ: ನಡೆಯುತ್ತದೆಯೇ, ಅಸಲಿಯೇ, ಎಷ್ಟು ಅಪರೂಪ. ಅಸಲಿ ಬೋರ್ಡಿನಲ್ಲಿ ಕಂಪನಿ ತಾನೇ ಮಾಡಿಸಿದ ವಿಶೇಷ ಚಿಪ್‌ಗಳಿರುತ್ತವೆ. ನಕಲು ಮಾಡುವವರು ಅವುಗಳ ಜಾಗದಲ್ಲಿ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಚಿಪ್‌ಗಳ ದಂಡನ್ನೇ ಕೂರಿಸಿರುತ್ತಾರೆ. ಇಪ್ರಾಮ್ ಎಂಬ ಚಿಪ್ಪಿನ ಬೆನ್ನಿಗೆ ಒಂದು ಪುಟ್ಟ ಗಾಜಿನ ಕಿಟಕಿ ಇರುತ್ತದೆ. ಅದರೊಳಗೆ ನೇರಳಾತೀತ ಬೆಳಕು ಬಿದ್ದರೆ ಬರೆದದ್ದು ಅಳಿಸಿಹೋಗುತ್ತದೆ. ಕಿಟಕಿ ಮುಚ್ಚಿದ ಕಾಗದದ ಚೀಟಿಯ ಮೇಲೆ ಆಟದ ಗುರುತೂ ಇರುತ್ತದೆ. ಹಾಗಾಗಿ ಮಾಸಿದ ಒಂದು ಚೀಟಿಗೂ ಬೆಲೆ.

ಎಲ್ಲಕ್ಕಿಂತ ವಿಚಿತ್ರವಾದದ್ದು ಸಾಯುವುದಕ್ಕೆಂದೇ ತಯಾರಾದಂತಿರುವ ಬೋರ್ಡುಗಳು. 1991ರ 'ಸ್ಟ್ರೀಟ್ ಫೈಟರ್ 2' ಆಟದ ನಕಲುಗಳ ಹಾವಳಿ ಕಂಡ ಕ್ಯಾಪ್ಕಾಮ್, 1993ರಲ್ಲಿ ಸಿಪಿಎಸ್-2 ಎಂಬ ಹೊಸ ಬೋರ್ಡು ತಂದಿತು. ಅದರ ಪ್ರೋಗ್ರಾಮ್ ಗೂಢಲಿಪಿಯಲ್ಲಿತ್ತು. ಅದನ್ನು ಬಿಡಿಸುವ ಕೀಲಿಯನ್ನು ಕಾಯುತ್ತಿದ್ದದ್ದು ಒಂದು ಪುಟ್ಟ ಬ್ಯಾಟರಿ. ಬ್ಯಾಟರಿ ಬರಿದಾದರೆ ಕೀಲಿ ಮಾಯ, ಆಟ ಸತ್ತಂತೆ. ಸಂಗ್ರಾಹಕರು ಅದಕ್ಕೆ ಇಟ್ಟ ಹೆಸರು ಆತ್ಮಹತ್ಯೆಯ ಬ್ಯಾಟರಿ.

ತೊಂಬತ್ತರ ದಶಕದಲ್ಲಿ ನಮ್ಮ ವಿಡಿಯೋ ಗೇಮ್ ಪಾರ್ಲರುಗಳಿಗೆ ಹೋದವರಿಗೆ 'ಮುಸ್ತಫಾ' ಗೊತ್ತು. ಅದರ ನಿಜವಾದ ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್', 1993ರ ಕ್ಯಾಪ್ಕಾಮ್ ಆಟ. ಮುಸ್ತಫಾ ಅದರ ನಾಲ್ವರು ನಾಯಕರಲ್ಲಿ ಒಬ್ಬ. ಅದರ ಅಸಲಿ ಬೋರ್ಡಿನಲ್ಲೂ ಇಂಥದೇ ಬ್ಯಾಟರಿ. ರಕ್ಷಣೆಯನ್ನು ಕಿತ್ತುಹಾಕಿ ಮಾಡಿದ ನಕಲಿ ಬೋರ್ಡುಗಳಿಗೆ ಆ ಹಂಗಿಲ್ಲ. ಹಕ್ಕುದಾರರ ಎಚ್ಚರ ಅಸಲಿಯನ್ನು ಕೊಲ್ಲುವಾಗ ಕಳ್ಳಪ್ರತಿ ಬದುಕಿ ಉಳಿಯುವ ವ್ಯಂಗ್ಯ ಇದು.

ಸತ್ತ ಬೋರ್ಡುಗಳಿಗೆ ಮತ್ತೆ ಜೀವ ಬಂದದ್ದು ಹವ್ಯಾಸಿಗಳ ಹಟದಿಂದ. ಇಟಲಿಯ ನಿಕೋಲಾ ಸಾಲ್ಮೊರಿಯಾ 1997ರಲ್ಲಿ 'ಮೇಮ್' ಎಂಬ ಸಾಫ್ಟ್‌ವೇರ್ ಹೊರತಂದರು. ಹಳೆಯ ಚಿಪ್‌ಗಳಲ್ಲಿದ್ದದ್ದನ್ನು ಓದಿಟ್ಟುಕೊಂಡು ಇಂದಿನ ಕಂಪ್ಯೂಟರಿನಲ್ಲಿ ನಡೆಸುವ ಯತ್ನ ಅದು. 2007ರಲ್ಲಿ ಅವರೂ ಆಂಡ್ರಿಯಾಸ್ ನಾಯ್ವ್ ಎಂಬವರೂ ಸಿಪಿಎಸ್-2ರ ಗೂಢಲಿಪಿಯ ಸೂತ್ರವನ್ನು ಬಿಡಿಸಿದರು. 2016ರಲ್ಲಿ ಮತ್ತೊಂದು ತಂಡ, ಕಳೆದುಹೋದ ಕೀಲಿಯನ್ನು ಸತ್ತ ಬೋರ್ಡಿಗೇ ಮರಳಿ ತುಂಬುವ ದಾರಿ ಕಂಡುಕೊಂಡಿತು. ಕಾನೂನಿನ ಕಣ್ಣಿನಲ್ಲಿ ಇಂಥ ಕೆಲಸಗಳ ಮೇಲೆ ಪ್ರಶ್ನೆಗಳಿವೆ. ಆದರೆ ಇವು ನಡೆಯದೇ ಹೋಗಿದ್ದರೆ ಪ್ರಶ್ನೆ ಕೇಳಲು ಆಟಗಳೇ ಉಳಿಯುತ್ತಿರಲಿಲ್ಲ.

ಜಗಳ ಇರುವುದು ಇಲ್ಲೇ. ಅಟಾರಿ ಗೇಮ್ಸ್ 1991ರಲ್ಲಿ ಮಾಡಿ, ಮಾರುಕಟ್ಟೆಗೆ ಬಿಡದೆ ಕೈಬಿಟ್ಟ 'ಮಾರ್ಬಲ್ ಮ್ಯಾಡ್ನೆಸ್ 2' ಮೂವತ್ತು ವರ್ಷ ಬೆರಳೆಣಿಕೆಯ ಸಂಗ್ರಾಹಕರ ಬಳಿ ಮಾತ್ರ ಇತ್ತು. 2022ರಲ್ಲಿ ಅದರ ಪ್ರೋಗ್ರಾಮ್ ಅಂತರ್ಜಾಲಕ್ಕೆ ಬಂತು, ಎಲ್ಲರೂ ಆಡಿದರು. ಅಪರೂಪದ ಬೋರ್ಡುಗಳ ಒಡೆಯರಲ್ಲಿ ಕೆಲವರು ಚಿಪ್ ಓದಲು ಕೊಡುವುದಿಲ್ಲ, ಪ್ರತಿ ಹೊರಬಿದ್ದರೆ ಬೆಲೆ ಇಳಿಯುತ್ತದೆಂಬ ಅಂಜಿಕೆ. ಹಣ ಕೊಟ್ಟು ಕೊಂಡವರ ಅಂಜಿಕೆ ನನಗೆ ಅರ್ಥವಾಗುತ್ತದೆ. ಆದರೆ ಚಿಪ್ಪಿನೊಳಗಿನ ಬರಹ ಕಾಲ ಕಳೆದಂತೆ ತಾನಾಗಿ ಕೆಡುತ್ತದೆ. ಯಾರಿಗೂ ತೋರಿಸದೆ ಬೀರುವಿನಲ್ಲಿಟ್ಟ ಬೋರ್ಡು ಒಂದು ದಿನ ಬರೀ ತಾಮ್ರ, ಪ್ಲಾಸ್ಟಿಕ್ಕು.

ಅಸಲಿ ಬೋರ್ಡಿಗೆ ಅಸಲಿಯದೇ ಆದ ಗೌರವ ಇದ್ದೇ ಇರುತ್ತದೆ. ಅದರ ಬೆಸುಗೆ, ಚೀಟಿ, ತಿದ್ದುಪಡಿಗೆಂದು ಎಳೆದ ತಂತಿ, ಇವು ಯಾವ ಪ್ರತಿಯಲ್ಲೂ ಸಿಗವು. ಒಳಗಿನ ಬರಹ ಹತ್ತು ಕಡೆ ಕ್ಷೇಮವಾಗಿದ್ದರೆ ಕೈಯಲ್ಲಿರುವ ಬೋರ್ಡು ನಂಬಲರ್ಹ ಸಾಕ್ಷಿಯಾಗುತ್ತದೆ. ಕೆಟ್ಟರೆ ಮತ್ತೆ ಬರೆದು ನಡೆಸಬಹುದು. ಹಾಗಾಗಿ ಬೋರ್ಡು ಕೊಳ್ಳುವವರು ಯಾರೇ ಕೇಳಿದರೂ ನಾನು ಹೇಳುವುದು ಇಷ್ಟೇ: ಬೆಲೆ ಕಟ್ಟುವ ಮೊದಲು ಚಿಪ್ಪಿನಲ್ಲಿ ಇರುವುದನ್ನು ಓದಿಸಿಟ್ಟುಕೊಳ್ಳಿ, ಇನ್ನೊಬ್ಬರಿಗೂ ಒಂದು ಪ್ರತಿ ಕೊಡಿ.