1918ರ ಜ್ವರವೂ ಕಾಲೇಜು ಹುಡುಗರ ಮೈಕಸುವೂ

ಕೊರೊನಾ ಬಂದು ಹೋದ ಮೇಲೆ ವಿಶ್ವವಿದ್ಯಾಲಯದ ಹುಡುಗರಲ್ಲಿ ಕಸುವಿಲ್ಲ ಎಂಬ ಮಾತು ಎಲ್ಲೆಡೆ ಕೇಳಿಬಂತು. ನೂರು ವರ್ಷಗಳ ಹಿಂದೆಯೂ ನಮ್ಮ ದೇಶದಲ್ಲಿ ಇದೇ ಚಿಂತೆ ಇತ್ತು.

1918ರ ಜೂನ್‌ನಲ್ಲಿ ಇನ್‌ಫ್ಲುಯೆಂಜಾ ಮುಂಬಯಿ ಬಂದರಿನಲ್ಲಿ ಕಾಣಿಸಿಕೊಂಡಿತು. ಮೊದಲ ಅಲೆ ಹಗುರ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಂದದ್ದು ಊರಿಗೆ ಊರನ್ನೇ ಮಲಗಿಸಿತು. ಸೊಲ್ಲಾಪುರ, ವಿಜಾಪುರ, ಧಾರವಾಡ ಆಗ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. ಆ ಪ್ರಾಂತವೊಂದರಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರು. ದೇಶದಲ್ಲಿ 1.2 ಕೋಟಿಗೆ ಕಡಿಮೆಯಿಲ್ಲ ಎಂದು ಅಂದಾಜು. ಸಾಮಾನ್ಯ ಜ್ವರ ಮುದುಕರನ್ನೂ ಕೂಸುಗಳನ್ನೂ ಒಯ್ಯುತ್ತದೆ. ಇದು 20ರಿಂದ 40ರ ಪ್ರಾಯದವರನ್ನೇ ಹೆಚ್ಚಾಗಿ ಒಯ್ದಿತು, ಅಂದರೆ ಕಾಲೇಜು ಮುಗಿಸಿ ದುಡಿಮೆಗೆ ಇಳಿಯುವ ವಯಸ್ಸಿನವರನ್ನು.

ಆಗ ಮೈಕೆಲ್ ಸ್ಯಾಡ್ಲರ್ ಅವರ ಕಲಕತ್ತಾ ವಿಶ್ವವಿದ್ಯಾಲಯ ಆಯೋಗ ಕೆಲಸ ಮಾಡುತ್ತಿತ್ತು. ಅದು ನೇಮಕವಾದದ್ದು 1917ರಲ್ಲಿ, ಆದ್ದರಿಂದ ಎಲ್ಲವೂ ಜ್ವರದಿಂದಲೇ ಶುರುವಾಯಿತು ಎನ್ನಲಾಗದು. ಮಹಾಯುದ್ಧದ ಪಾಲೂ ಇತ್ತು. 1919ರ ಅದರ ವರದಿ ವಿಶ್ವವಿದ್ಯಾಲಯಕ್ಕೊಬ್ಬ ದೈಹಿಕ ಶಿಕ್ಷಣ ನಿರ್ದೇಶಕ ಬೇಕು, ವಿದ್ಯಾರ್ಥಿಗಳ ಕ್ಷೇಮಕ್ಕೊಂದು ಮಂಡಳಿ ಬೇಕು ಎಂದಿತು. 1920ರಲ್ಲಿ ಕಲಕತ್ತೆಯಲ್ಲಿ ವಿದ್ಯಾರ್ಥಿಗಳ ವೈದ್ಯಕೀಯ ತಪಾಸಣೆ ಆರಂಭವಾಯಿತು. ಅದೇ ವರ್ಷ ಮದ್ರಾಸಿನಲ್ಲಿ ಹ್ಯಾರಿ ಬಕ್ ವ್ಯಾಯಾಮ ಶಿಕ್ಷಕರನ್ನು ತಯಾರಿಸುವ ವೈಎಂಸಿಎ ಶಾಲೆ ತೆರೆದರು. ಕಾಲೇಜುಗಳಲ್ಲಿ ಕವಾಯತು ಕಲಿಸುವ ಯುಟಿಸಿಯೂ ಆಗಲೇ ಬಂತು. ಇಂದಿನ ಎನ್‌ಸಿಸಿ (1948) ಅದರ ಮುಂದಿನ ರೂಪ.

ತೂಗಿದರು, ಅಳೆದರು, ಕವಾಯತು ಮಾಡಿಸಿದರು. ಊಟದ ಮಾತು ಹಿಂದೆ ಬಿತ್ತು ಎಂದೇ ನಮಗೆ ತೋರುತ್ತದೆ. 1918 ಮಳೆ ಕೈಕೊಟ್ಟ ವರ್ಷವೂ ಹೌದು; ಕಾಳುಕಡಿ ತುಟ್ಟಿಯಾಗಿ, ಹಸಿದ ಮೈಗೇ ಜ್ವರ ಹೊಕ್ಕಿತ್ತು. ಅಂಥ ಮನೆಗಳಿಂದ ಕಾಲೇಜಿಗೆ ಬಂದ ಹುಡುಗ ಎಷ್ಟು ಕವಾಯತು ಮಾಡಿಯಾನು?

ನಮ್ಮ ಗಡಿಭಾಗದ ಕನ್ನಡ ಶಾಲೆಗಳಲ್ಲಿ ಕಲಿತು ಸೊಲ್ಲಾಪುರದ ಕಾಲೇಜುಗಳಿಗೆ ಹೋದ ಮಕ್ಕಳನ್ನು ನಾವು ಈಗಲೂ ನೋಡುತ್ತೇವೆ. 2020ರ ಮಾರ್ಚ್‌ನಿಂದ ಅವರ ತರಗತಿ ಮೊಬೈಲಿನಲ್ಲೇ ನಡೆಯಿತು. ಹೊಲವಿದ್ದವರ ಮೈ ಗಟ್ಟಿಯಾಗಿಯೇ ಉಳಿಯಿತು. ಒಂದೇ ಕೋಣೆಯಲ್ಲಿ ಕುಳಿತವರದು ಉಳಿಯಲಿಲ್ಲ. ಪೊಲೀಸ್ ಭರ್ತಿಗೆ ಹುಡುಗರು 1600 ಮೀಟರ್, ಹುಡುಗಿಯರು 800 ಮೀಟರ್ ಓಡಬೇಕು. ನಸುಕಿನಲ್ಲಿ ಶಾಲೆಯ ಬಯಲಿಗೆ ಬಂದು ಓಡುತ್ತಾರೆ, ಎರಡನೇ ಸುತ್ತಿಗೇ ಏದುಸಿರು. ರಾತ್ರಿ ಏನು ಉಂಡಿರಿ ಎಂದು ಕೇಳಿದರೆ ಹಲವರು ಹೇಳುವುದು ಚಹಾ, ಬಿಸ್ಕೀಟು.